ಕಾರು ಒಂದಂಗುಲ ತಗ್ಗಿದಾಗ

ಶೋರೂಮಿನಿಂದ ಆಗಷ್ಟೇ ಹೊರಬಂದ ಪುಟ್ಟ ಕಾರೊಂದರ ಮುಂದಿನ ಚಕ್ರದ ಮೇಲೆ ಕೈಯಿಟ್ಟು ನೋಡಿ. ಟೈರಿಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಮೂರು ನಾಲ್ಕು ಬೆರಳು ಸಲೀಸಾಗಿ ತೂರುತ್ತವೆ. ಕಾರಿನ ಮೈಕಟ್ಟಿನ ಮೇಲೆ ಕಣ್ಣಿರುವವರಿಗೆ ಈ ಸಂದಿ ಸಹ್ಯವಾಗದು. ಚಕ್ರ ಮಡ್‌ಗಾರ್ಡಿನೊಳಗೆ ತುಂಬಿಕೊಂಡು ಕೂತರೆ ಅದೇ ಕಾರು ಬೇರೆಯೇ ಗತ್ತಿನಲ್ಲಿ ಕಾಣುತ್ತದೆ. ಅದಕ್ಕಿರುವ ಕಡಿಮೆ ಖರ್ಚಿನ ದಾರಿ ಲೋವರಿಂಗ್ ಸ್ಪ್ರಿಂಗ್: ಕಂಪನಿ ಕೊಟ್ಟ ನಾಲ್ಕು ಸುರುಳಿಗಳನ್ನು ತೆಗೆದು, ಗಿಡ್ಡನೆಯ, ಹೆಚ್ಚು ಬಿಗಿಯಾದ ನಾಲ್ಕನ್ನು ಅಲ್ಲಿ ಕೂರಿಸುವುದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿಯೋ ಆನ್‌ಲೈನಿನಲ್ಲಿ ತರಿಸಿಯೋ, ಭಾನುವಾರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರಿಗೆ ಜಾಕ್ ಕೊಡುವ ಹುಡುಗರು ಈಗ ಅಪರೂಪವೇನಲ್ಲ.

ತನ್ನ ಕಾರಿನ ಕೆಲಸವನ್ನು ತಾನೇ ಮಾಡಿಕೊಳ್ಳುವ ಉಮೇದು ಮೆಚ್ಚತಕ್ಕದ್ದೇ. ಆದರೆ ಆ ಸಂದಿಯನ್ನು ಯಾರೂ ಮರೆತು ಬಿಟ್ಟಿಲ್ಲ. ಐದು ಜನ ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿ, ಕಾರು ಗುಂಡಿಗೆ ಬಿದ್ದಾಗ ಚಕ್ರ ಮೇಲೇಳಲು ಬೇಕಾದ ಜಾಗ ಅದು. ಅದರಿಂದ 30 ಮಿಲಿಮೀಟರ್ ಕಿತ್ತುಕೊಂಡರೆ ಸ್ಪ್ರಿಂಗು ಮಾತ್ರ ಬದಲಾಗಿ ಉಳಿದದ್ದೆಲ್ಲ ಹಾಗೇ ಇರುವುದಿಲ್ಲ. ಶಾಕ್ ಅಬ್ಸಾರ್ಬರ್, ರಬ್ಬರ್ ಬುಷ್‌ಗಳು, ಚಕ್ರದ ಕೋನ, ಹೆಡ್‌ಲೈಟಿನ ದಿಕ್ಕು, ಕೊನೆಗೆ ವಿಮೆಯ ಕಾಗದದವರೆಗೂ ಅದರ ಪರಿಣಾಮ ಹರಿಯುತ್ತದೆ. ಮನೆಯಲ್ಲೇ ಈ ಕೆಲಸಕ್ಕೆ ಇಳಿಯುವವರು ಅಷ್ಟನ್ನೂ ಒಂದೇ ಕೆಲಸವೆಂದು ಹಿಡಿಯಬೇಕು. ನಾಲ್ಕು ಸ್ಪ್ರಿಂಗು ಬದಲಿಸಿ ಕೈ ತೊಳೆದುಕೊಂಡರೆ ಅರ್ಧವೂ ಮುಗಿದಿರುವುದಿಲ್ಲ.

ಸ್ಪ್ರಿಂಗಿನ ಗಣಿತ ಹಳೆಯದು. ಎಳೆದಷ್ಟೂ ಎಳೆತಕ್ಕೆ ತಕ್ಕ ಬಲ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಬಿಡಿಸಿ ಹೇಳಿದ. ಸುರುಳಿ ಎಷ್ಟು ಬಿಗಿ ಎಂಬುದನ್ನು ಮುಖ್ಯವಾಗಿ ಮೂರು ಅಳತೆಗಳು ನಿರ್ಧರಿಸುತ್ತವೆ: ತಂತಿಯ ದಪ್ಪ, ಸುರುಳಿಯ ಅಗಲ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ. ಇವುಗಳಲ್ಲಿ ದಪ್ಪದ ಪ್ರಭಾವ ಬೆರಗು ಹುಟ್ಟಿಸುವಂಥದ್ದು. ಬಿಗಿತ ತಂತಿಯ ದಪ್ಪದ ನಾಲ್ಕನೇ ಘಾತದಷ್ಟು ಏರುತ್ತದೆ. 12 ಮಿಲಿಮೀಟರ್ ತಂತಿಯ ಜಾಗದಲ್ಲಿ 13 ಮಿಲಿಮೀಟರ್ ತಂತಿ ಬಳಸಿದರೆ ಸ್ಪ್ರಿಂಗು ಸುಮಾರು ಶೇಕಡಾ 38ರಷ್ಟು ಹೆಚ್ಚು ಬಿಗಿಯಾಗುತ್ತದೆ. ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಬಿಗಿ ಮಾಡುವುದು ಏಕೆ? ತಗ್ಗಿದ ಕಾರಿಗೆ ಚಕ್ರ ಮೇಲೇಳುವ ಜಾಗ ಕಡಿಮೆ. ಅಷ್ಟರೊಳಗೇ ಅದೇ ಗುಂಡಿಯ ಹೊಡೆತವನ್ನು ತಡೆಯಬೇಕೆಂದರೆ ಸ್ಪ್ರಿಂಗು ಗಟ್ಟಿ ಇರಲೇಬೇಕು. ಸಾಮಾನ್ಯ ಕಾರೊಂದು ತನ್ನ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುವಂತೆ ರೂಪಿಸಲಾಗಿರುತ್ತದೆ. 1.2 ಸಲ ಎಂದಿಟ್ಟುಕೊಂಡರೆ, ಕಾರು ತನ್ನ ತೂಕಕ್ಕೇ ಸುಮಾರು 17 ಸೆಂಟಿಮೀಟರ್ ಕುಸಿದು ನಿಂತಿರುತ್ತದೆ ಎಂದಾಗುತ್ತದೆ. ಸ್ಪ್ರಿಂಗನ್ನು ಶೇಕಡಾ 30ರಷ್ಟು ಬಿಗಿ ಮಾಡಿದರೆ ಆ ಕುಸಿತ 13 ಸೆಂಟಿಮೀಟರಿಗೆ ಇಳಿಯುತ್ತದೆ, ಅಂದರೆ ಕಾರು 4 ಸೆಂಟಿಮೀಟರ್ ಮೇಲೇಳುತ್ತದೆ. ಆದ್ದರಿಂದ ಕಾರನ್ನು 3 ಸೆಂಟಿಮೀಟರ್ ತಗ್ಗಿಸಬೇಕಾದರೆ ಬಿಡಿ ಸ್ಪ್ರಿಂಗನ್ನು ಹೆಚ್ಚುಕಡಿಮೆ 7 ಸೆಂಟಿಮೀಟರ್ ಗಿಡ್ಡ ಮಾಡಬೇಕು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ನಿಲ್ಲಿಸಿದವರು ಇಷ್ಟು ಗಿಡ್ಡವೇ ಎಂದು ಗಾಬರಿಯಾಗುವುದು ಇದರಿಂದಲೇ.

ಇಷ್ಟು ಗಿಡ್ಡವಾದ ಸ್ಪ್ರಿಂಗು, ಕಾರನ್ನು ಜಾಕಿನಲ್ಲಿ ಎತ್ತಿ ಚಕ್ರ ಪೂರ್ತಿ ಕೆಳಗಿಳಿದಾಗ, ತಾನು ಕೂತ ಜಾಗದಲ್ಲಿ ಸಡಿಲಗೊಂಡು ಜಾರಬಹುದು. ಅದನ್ನು ತಡೆಯಲು ಒಳ್ಳೆಯ ತಯಾರಕರು ಕೆಲವು ಸುತ್ತುಗಳನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಕಾರು ನೆಲದ ಮೇಲಿದ್ದಾಗ ಆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಸುಮ್ಮನಿರುತ್ತವೆ. ಚಕ್ರ ಕೆಳಗಿಳಿದಾಗ ಮಾತ್ರ ಬಿಚ್ಚಿಕೊಂಡು ಸ್ಪ್ರಿಂಗನ್ನು ಜಾಗದಲ್ಲೇ ಹಿಡಿದಿಡುತ್ತವೆ. ಒಂದೇ ಅಂತರದ ಸುರುಳಿಯನ್ನು ಕತ್ತರಿಸಿದರೆ ಈ ಏರ್ಪಾಟು ಇರುವುದೇ ಇಲ್ಲ.

ಕತ್ತರಿಸುವ ಚಾಳಿಗೆ ದೊಡ್ಡ ಚರಿತ್ರೆಯೇ ಇದೆ. ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದ ತರುಣರು ಹಳೆಯ ಷೆವರ್ಲೆಗಳ ಡಿಕ್ಕಿಯಲ್ಲಿ ಮರಳಿನ ಚೀಲ ತುಂಬಿ, ಸ್ಪ್ರಿಂಗಿನ ಸುತ್ತು ಕತ್ತರಿಸಿ, ನೆಲಕ್ಕೆ ತಾಗುವಂತೆ ಕಾರು ಇಳಿಸಿ ನಿಧಾನವಾಗಿ ಬೀದಿ ಸುತ್ತುತ್ತಿದ್ದರು. 'ಲೋರೈಡರ್' ಸಂಸ್ಕೃತಿ ಹುಟ್ಟಿದ್ದು ಹೀಗೆ. ಚಕ್ರದ ರಿಮ್ಮಿನ ಕೆಳಅಂಚಿಗಿಂತ ಕೆಳಗೆ ಕಾರಿನ ಯಾವ ಭಾಗವೂ ಇರಕೂಡದು ಎಂದು ಆ ರಾಜ್ಯ 1958ರಲ್ಲಿ ಕಾನೂನು ತಂದಿತು. ರಾನ್ ಅಗೀರೆ ಎಂಬಾತ ಮರುವರ್ಷವೇ ತನ್ನ ಕಾರಿಗೆ ವಿಮಾನದ ಹೈಡ್ರಾಲಿಕ್ ಭಾಗಗಳನ್ನು ಜೋಡಿಸಿ, ಬೇಕೆಂದಾಗ ಏರುವ, ಇಳಿಯುವ ವ್ಯವಸ್ಥೆ ಮಾಡಿಕೊಂಡ. ಆ ನಿರ್ಬಂಧ ತೆರವಾದದ್ದು 2024ರ ಜನವರಿಯಲ್ಲಿ.

ಲೋರೈಡರ್‌ಗಳು ಆಮೆವೇಗದಲ್ಲಿ ಸಾಗಲೆಂದೇ ಹುಟ್ಟಿದ ಕಾರುಗಳು. ಹೆದ್ದಾರಿಯಲ್ಲಿ 100 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿನ ಸ್ಪ್ರಿಂಗಿಗೆ ಗ್ರೈಂಡರ್ ಹಿಡಿಯುವುದು ಬೇರೆ ಮಾತು. ಆರು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಬಿಗಿತವೇನೋ ಶೇಕಡಾ 20ರಷ್ಟು ಏರುತ್ತದೆ. ಆದರೆ ತುದಿಯ ಆಕಾರ ಹೋಗುತ್ತದೆ. ಸ್ಪ್ರಿಂಗಿನ ಕೊನೆಯ ಸುತ್ತು ಕೆಳತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗುವಂತೆ ರೂಪಿಸಿದ್ದು. ಕತ್ತರಿಸಿದ ತುದಿ ಅಲ್ಲಿ ಓರೆಯಾಗಿ ಕೂತು ಒಂದೇ ಬಿಂದುವಿನಲ್ಲಿ ಭಾರ ಹಾಕುತ್ತದೆ. ಗ್ಯಾಸ್ ಬೆಂಕಿ ಹಿಡಿದು ಸ್ಪ್ರಿಂಗನ್ನು ಕುಗ್ಗಿಸುವುದಂತೂ ಅದಕ್ಕಿಂತ ಕೆಟ್ಟದ್ದು. ಸ್ಪ್ರಿಂಗಿನ ಉಕ್ಕಿಗೆ ಆ ಸತ್ವ ಬಂದಿರುವುದೇ ಕಾಯಿಸಿ, ಅದ್ದಿ, ಮತ್ತೆ ಹದವಾಗಿ ಕಾಯಿಸಿದ್ದರಿಂದ. ಮನಸ್ಸಿಗೆ ಬಂದಂತೆ ಕೆಂಪಗೆ ಕಾಯಿಸಿದರೆ ಹದ ಕೆಟ್ಟು, ಅದು ದಿನೇ ದಿನೇ ಕುಸಿಯುತ್ತದೆ ಅಥವಾ ಯಾವುದೋ ಗುಂಡಿಯಲ್ಲಿ ಮುರಿಯುತ್ತದೆ. ಈ ಎರಡು ಕೆಲಸಗಳನ್ನು ಯಾವ ಕಾರಣಕ್ಕೂ, ಯಾರೇ ಹೇಳಿದರೂ ಮಾಡಕೂಡದು.

ಹಾಗಾದರೆ ಸರಿಯಾದ ಸ್ಪ್ರಿಂಗು ಹಾಕಿದರೆ ಲಾಭವೆಷ್ಟು? ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಸರಿಯುವ ಭಾರ ಕಾರಿನ ತೂಕದ ಕೇಂದ್ರ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಪುಟ್ಟ ಕಾರಿನಲ್ಲಿ ಅದು ನೆಲದಿಂದ 54 ಸೆಂಟಿಮೀಟರ್ ಮೇಲಿದೆ ಎಂದುಕೊಂಡರೆ, 3 ಸೆಂಟಿಮೀಟರ್ ತಗ್ಗಿಸಿದಾಗ ಸರಿಯುವ ಭಾರ ಶೇಕಡಾ ಐದಾರರಷ್ಟು ಕಡಿಮೆಯಾಗುತ್ತದೆ. ಲಾಭ ನಿಜವಾದದ್ದೇ, ಆದರೆ ಸಣ್ಣದು.

ಇದಕ್ಕೊಂದು ತೊಡಕೂ ಇದೆ. ನಮ್ಮ ಬಹುತೇಕ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಎಂಜಿನಿಯರ್ ಜನರಲ್ ಮೋಟಾರ್ಸ್‌ನಲ್ಲಿದ್ದಾಗ ಯೋಚಿಸಿ, ಫೋರ್ಡ್ ಸೇರಿದ ಮೇಲೆ ಕಾರಿಗೆ ತಂದ ವಿನ್ಯಾಸ ಅದು. 1950ರ ಬ್ರಿಟಿಷ್ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಿಂದ ಜಗತ್ತಿಗೆಲ್ಲ ಹಬ್ಬಿತು. ಒಂದೇ ಕಂಬದಲ್ಲಿ ಶಾಕ್ ಮತ್ತು ಸ್ಪ್ರಿಂಗು, ಕೆಳಗೊಂದು ಲೋವರ್ ಆರ್ಮ್. ಅಗ್ಗ, ಹಗುರ, ಜಾಗವೂ ಕಡಿಮೆ ಸಾಕು. ಆದರೆ ಕಾರು ತಗ್ಗಿದಾಗ ಲೋವರ್ ಆರ್ಮಿನ ಹೊರತುದಿ ಮೇಲಕ್ಕೆ ಓರೆಯಾಗುತ್ತದೆ. ಆಗ ಕಾರಿನ ಮೈ ಯಾವ ಕಾಲ್ಪನಿಕ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ತೂಕದ ಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹಿಗ್ಗಿ, ವಾಲಿಸುವ ಸನ್ನೆ ಉದ್ದವಾಗುತ್ತದೆ. ಎರಡಂಗುಲ, ಮೂರಂಗುಲ ತಗ್ಗಿಸಿದ ಕಾರು ನೋಡಲು ರೇಸ್ ಕಾರಿನಂತಿದ್ದರೂ ತಿರುವಿನಲ್ಲಿ ಮೊದಲಿಗಿಂತ ಕೆಟ್ಟದಾಗಿ ನಡೆದುಕೊಳ್ಳುವುದು ಇದೇ ಕಾರಣಕ್ಕೆ. 25ರಿಂದ 30 ಮಿಲಿಮೀಟರಿಗೆ ನಿಲ್ಲಿಸಿದವರು ಜಾಣರು.

ಮುಂಭಾಗದ ಎರಡು ಸ್ಪ್ರಿಂಗು ಮಾತ್ರ ಬದಲಿಸಿದರೆ ಸಾಕಲ್ಲವೇ ಎಂದು ಕೇಳುವವರಿಗೆ ಉತ್ತರ 1930ರ ದಶಕದಲ್ಲೇ ಸಿಕ್ಕಿದೆ. ರೋಲ್ಸ್ ರಾಯ್ಸ್‌ನಿಂದ ಅಮೆರಿಕದ ಕ್ಯಾಡಿಲಾಕ್‌ಗೆ ಹೋದ ಮೌರಿಸ್ ಓಲಿ ಎಂಬ ಎಂಜಿನಿಯರ್, ಕಾರಿನ ಮೇಲೆ ತೂಕಗಳನ್ನು ಹಿಂದೆ ಮುಂದೆ ಸರಿಸಿ ಸವಾರಿಯ ಸುಖವನ್ನು ಪರೀಕ್ಷಿಸಿದ. ಉಬ್ಬು ಮೊದಲು ತಾಗುವುದು ಮುಂದಿನ ಚಕ್ರಕ್ಕೆ, ಕ್ಷಣ ಬಿಟ್ಟು ಹಿಂದಿನದಕ್ಕೆ. ಹಿಂಭಾಗ ಸ್ವಲ್ಪ ಬೇಗ ತೂಗಿದರೆ ಅದು ಮುಂಭಾಗವನ್ನು ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ, ಕಾರು ಮೂಗು ಬಾಲ ಕುಣಿಸದೆ ಒಟ್ಟಾಗಿ ಇಳಿಯುತ್ತದೆ ಎಂದು ಕಂಡುಕೊಂಡ. ನಾಲ್ಕು ಸ್ಪ್ರಿಂಗುಗಳನ್ನು ಒಂದೇ ಸೆಟ್ಟಾಗಿ ಮಾರುವುದರ ಹಿಂದಿನ ಲೆಕ್ಕ ಇದು.

ಇನ್ನು ರಸ್ತೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇದ್ದು, 17 ಮೀಟರ್ ತ್ರಿಜ್ಯದ ಕಮಾನಿನಂತೆ ನುಣುಪಾಗಿ ಏರಿಳಿಯಬೇಕು. 2018ರ ಮಾರುತಿ ಸ್ವಿಫ್ಟನ್ನು ತೆಗೆದುಕೊಳ್ಳೋಣ. ನೆಲದಿಂದ ಹೊಟ್ಟೆಗೆ 163 ಮಿಲಿಮೀಟರ್, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2,450 ಮಿಲಿಮೀಟರ್. ನಿಯಮದಂತೆ ಕಟ್ಟಿದ ಹಂಪಿನ ಮೇಲೆ ಎರಡೂ ಜೊತೆ ಚಕ್ರಗಳು ನಿಂತಾಗ ಹೊಟ್ಟೆಯ ನಡುವೆ ಕಳೆದುಹೋಗುವ ಜಾಗ ಬರೀ 44 ಮಿಲಿಮೀಟರ್. ಕಾರನ್ನು 30 ಮಿಲಿಮೀಟರ್ ತಗ್ಗಿಸಿದ್ದರೂ ಇನ್ನೂ ಸುಮಾರು 9 ಸೆಂಟಿಮೀಟರ್ ಉಳಿಯುತ್ತದೆ. ನಾಲ್ಕು ಜನ ಕೂತರೂ ದಾಟಬಹುದು.

ನಮ್ಮೂರಿನ ಹಂಪುಗಳು ಆ ಪುಸ್ತಕವನ್ನು ಓದಿಲ್ಲ. ಶಾಲೆಯ ಮುಂದೆ, ದೇವಸ್ಥಾನದ ಮುಂದೆ, ಅಪಘಾತವಾದ ಮರುದಿನ ರಾತ್ರೋರಾತ್ರಿ ಜಲ್ಲಿ ಡಾಂಬರು ಸುರಿದು ಎಬ್ಬಿಸಿದ ದಿಬ್ಬಗಳು ಒಂದೆರಡು ಅಡಿ ಅಗಲಕ್ಕೆ ಮೊಣಕೈಯಂತೆ ಚೂಪಾಗಿ ನಿಂತಿರುತ್ತವೆ. ಅಂಥ ದಿಬ್ಬ 15 ಸೆಂಟಿಮೀಟರ್ ಎತ್ತರವಿದ್ದರೆ, ಮುಂದಿನ ಚಕ್ರ ಆಚೆಗೂ ಹಿಂದಿನ ಚಕ್ರ ಈಚೆಗೂ ಇರುವಾಗ ಪೂರ್ತಿ 150 ಮಿಲಿಮೀಟರ್ ಹೊಟ್ಟೆಯ ಕೆಳಗೇ ಬರುತ್ತದೆ. ಕಂಪನಿಯ ಎತ್ತರದ ಖಾಲಿ ಕಾರಿಗೇ ಉಳಿಯುವುದು 13 ಮಿಲಿಮೀಟರ್. ತಗ್ಗಿಸಿದ ಕಾರು ಅದನ್ನು ದಾಟುವ ಪ್ರಶ್ನೆಯೇ ಇಲ್ಲ. ಸೈಲೆನ್ಸರ್ ಪೈಪೋ ಎಂಜಿನ್ನಿನ ಆಯಿಲ್ ಸಂಪೋ ದಿಬ್ಬಕ್ಕೆ ಉಜ್ಜುತ್ತದೆ. ಸಂಪ್ ಒಡೆದರೆ ಎಂಜಿನ್ನಿಗೇ ಕುತ್ತು. ದಿನಾ ಓಡಾಡುವ ದಾರಿಯ ಹಂಪುಗಳನ್ನು ಟೇಪು ಹಿಡಿದು ಅಳೆಯದೆ ಸ್ಪ್ರಿಂಗು ಕೊಳ್ಳುವುದು ಅವಸರದ ಕೆಲಸ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ಓಡಿಸುವವರು ಕಾರನ್ನು ತಗ್ಗಿಸುವುದಿಲ್ಲ, ಎತ್ತರಿಸುತ್ತಾರೆ. ವೇಗ ಬೇಕಾದವರಿಗೂ ರಸ್ತೆಯೇ ಎತ್ತರವನ್ನು ಹೇಳುತ್ತದೆ.

ಕಾನೂನಿನ ವಿಷಯದಲ್ಲಿ ನಮ್ಮಲ್ಲಿ ಸ್ಪಷ್ಟ ದಾರಿಯಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಕಟ್ಟುನಿಟ್ಟಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್, ನಿಯಮಬಾಹಿರ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಆರ್‌ಸಿಯಲ್ಲಿ ನೆಲದಿಂದ ಎಷ್ಟೆತ್ತರ ಎಂಬ ಕಲಮೇ ಇಲ್ಲ ಎಂದು ವಾದಿಸುವವರಿದ್ದಾರೆ. ಆ ವಾದವನ್ನು ರಸ್ತೆಬದಿಯಲ್ಲಿ ನಿಂತು ಮಂಡಿಸುವುದು ಕಷ್ಟ. ಅಪಘಾತವಾದ ಮೇಲೆ ವಿಮಾ ಸಮೀಕ್ಷಕರ ಮುಂದೆ ಮಂಡಿಸುವುದು ಇನ್ನೂ ಕಷ್ಟ. ವಿಮಾ ಕಂಪನಿಗೆ ಮೊದಲೇ ಬರೆದು ತಿಳಿಸಿ, ಅವರ ಉತ್ತರವನ್ನೂ ಬರಹದಲ್ಲೇ ಪಡೆದುಕೊಳ್ಳಬೇಕು.

ಜರ್ಮನಿ ಇದನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿದೆ. ಲೋವರಿಂಗ್ ಸ್ಪ್ರಿಂಗಿಗೆ ಹೆಸರಾದ ಐಬಾಖ್ ಮತ್ತು ಎಚ್ ಆ್ಯಂಡ್ ಆರ್ ಎರಡೂ ಕಂಪನಿಗಳು ಅಲ್ಲಿನ ಸೌವರ್‌ಲ್ಯಾಂಡ್ ಗುಡ್ಡಗಾಡಿನ ಅಕ್ಕಪಕ್ಕದ ಊರುಗಳಾದ ಫಿನ್ನನ್‌ಟ್ರೋಪ್, ಲೆನ್ನೆಸ್ಟಾಟ್‌ಗಳಲ್ಲಿವೆ. ಅವರು ಸ್ಪ್ರಿಂಗಿನ ಜೊತೆ ಯಾವ ಕಾರಿಗೆ, ಯಾವ ಚಕ್ರದ ಅಳತೆಗೆ, ಎಷ್ಟು ಭಾರಕ್ಕೆ ಇದು ಪರೀಕ್ಷೆಗೊಂಡಿದೆ ಎಂಬ ಪತ್ರ ಕೊಡುತ್ತಾರೆ. ಮಾಲೀಕ ಸ್ಪ್ರಿಂಗು ಕೂರಿಸಿಕೊಂಡು, ತಪಾಸಣಾ ಕೇಂದ್ರಕ್ಕೆ ಹೋಗಿ, ತಜ್ಞನಿಂದ ನೋಡಿಸಿ, ಕಾಗದ ಮಾಡಿಸಿಕೊಳ್ಳುತ್ತಾನೆ. ಮನೆಯಲ್ಲಿ ಮಾಡಿದ ಕೆಲಸವನ್ನೂ ಬಲ್ಲವರೊಬ್ಬರು ಪರಿಶೀಲಿಸುತ್ತಾರೆ ಎಂಬುದೇ ಆ ವ್ಯವಸ್ಥೆಯ ಹೆಚ್ಚುಗಾರಿಕೆ. ನಮ್ಮಲ್ಲೂ ಅಂಥದ್ದೊಂದು ಬಂದರೆ ಕತ್ತರಿಸಿದ ಸ್ಪ್ರಿಂಗುಗಳು ತಾವಾಗಿಯೇ ಮಾಯವಾದಾವು.

ಇಷ್ಟೆಲ್ಲ ತೂಗಿ ನೋಡಿಯೂ ಮಾಡಬೇಕೆಂದು ನಿಶ್ಚಯಿಸಿದವರಿಗೆ ಮೊದಲು ಬೇಕಾದದ್ದು ಸಮತಟ್ಟಾದ, ಗಟ್ಟಿ ಕಾಂಕ್ರೀಟ್ ನೆಲ. ಬೇಸ್‌ಮೆಂಟುಗಳ ನೆಲ ಚರಂಡಿಯ ಕಡೆಗೆ ಇಳಿಜಾರಾಗಿರುವುದುಂಟು. ಒಂದು ಗೋಲಿ ಉರುಳಿಸಿ ನೋಡಿದರೆ ಗೊತ್ತಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಲಾರಿ ಕ್ಲೀನರ್‌ಗಳು ಮಾಡುವಂತೆ ಎದುರು ಚಕ್ರಗಳಿಗೆ ಕಲ್ಲು ಕೊಡಬೇಕು. ಹಿಂಭಾಗ ಎತ್ತುವಾಗ ಹ್ಯಾಂಡ್‌ಬ್ರೇಕಿನಿಂದ ಉಪಯೋಗವಿಲ್ಲ, ಆಗ ಕಲ್ಲೇ ಗತಿ. ಚಕ್ರದ ಬೋಲ್ಟುಗಳನ್ನು ನೆಲದ ಮೇಲಿದ್ದಾಗಲೇ ಒಂದು ಸುತ್ತು ಸಡಿಲಿಸಿಕೊಳ್ಳಬೇಕು.

ಡಿಕ್ಕಿಯಲ್ಲಿ ಸಿಗುವ ಸ್ಟೆಪ್ನಿ ಜಾಕ್ ಈ ಕೆಲಸಕ್ಕೆ ಆಗದು. ಹೈಡ್ರಾಲಿಕ್ ಟ್ರಾಲಿ ಜಾಕ್ ಕೂಡ ಎತ್ತಲು ಮಾತ್ರ, ಹಿಡಿದಿಡಲು ಸ್ಟ್ಯಾಂಡುಗಳೇ ಬೇಕು. ಸ್ಟ್ಯಾಂಡನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಎಂಬ ಉಪಕರಣಗಳ ಮಳಿಗೆ ಸರಣಿ ಸುಮಾರು 17 ಲಕ್ಷ ಸ್ಟ್ಯಾಂಡುಗಳನ್ನು ವಾಪಸ್ ಕರೆಯಿತು. ಹಲ್ಲಿಗೆ ಕಚ್ಚಿ ನಿಲ್ಲಬೇಕಾದ ಕೊಂಡಿ ಭಾರ ಹೊತ್ತಿರುವಾಗಲೇ ಜಾರುತ್ತಿತ್ತು. ಬದಲಿಗೆ ಕೊಟ್ಟ ಸ್ಟ್ಯಾಂಡುಗಳಲ್ಲೂ ಕೆಲವಕ್ಕೆ ವೆಲ್ಡಿಂಗ್ ದೋಷವಿದ್ದದ್ದು ಕೆಲವೇ ತಿಂಗಳಲ್ಲಿ ಬಯಲಾಯಿತು. ಆದ್ದರಿಂದ ಕಾರನ್ನು ಸ್ಟ್ಯಾಂಡಿನ ಮೇಲೆ ಇಳಿಸಿದ ಮೇಲೆ ಬದಿಯಿಂದ ಜೋರಾಗಿ ಅಲುಗಿಸಿ ನೋಡುವುದು, ಬಿಚ್ಚಿದ ಚಕ್ರವನ್ನು ಮಲಗಿಸಿ ಕಾರಿನ ಅಡಿಗೆ ತಳ್ಳಿಡುವುದು ಎಂದೂ ಬಿಡಬಾರದ ರೂಢಿಗಳು. ಸ್ಟ್ಯಾಂಡು ಕೈಕೊಟ್ಟರೂ ಆ ಚಕ್ರದ ದಪ್ಪದಷ್ಟು ಜಾಗ ಮನುಷ್ಯನಿಗೆ ಉಳಿಯುತ್ತದೆ.

ಹಿಂಭಾಗದಿಂದ ಶುರು ಮಾಡುವುದು ಒಳ್ಳೆಯದು. ಸ್ವಿಫ್ಟ್, ಪೋಲೊಗಳಂಥ ಕಾರುಗಳಲ್ಲಿ ಹಿಂದೆ ಇರುವುದು ಒಂದು ತಿರುಚು ತೊಲೆ. ಅದರ ಮೇಲೆ ಸ್ಪ್ರಿಂಗು ಬೇರೆ, ಶಾಕ್ ಬೇರೆ. ತೊಲೆಗೆ ಜಾಕಿನ ಆಸರೆ ಕೊಟ್ಟು, ಎರಡೂ ಕಡೆ ಶಾಕಿನ ಕೆಳಗಿನ ಬೋಲ್ಟು ತೆಗೆದು, ತೊಲೆಯನ್ನು ಮೆಲ್ಲಗೆ ಇಳಿಸಿದರೆ ಸ್ಪ್ರಿಂಗು ಕೈಗೇ ಬರುತ್ತದೆ. ಇಳಿಸುವಾಗ ಬ್ರೇಕ್ ಹೋಸ್ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗದಂತೆ ಒಬ್ಬರು ನೋಡುತ್ತಿರಬೇಕು. ಮೇಲೆ ಕೆಳಗೆ ಇರುವ ರಬ್ಬರ್ ತಟ್ಟೆಗಳನ್ನು ಹೊಸ ಸ್ಪ್ರಿಂಗಿಗೂ ಹಾಕಿ, ತುದಿಯನ್ನು ಅದರ ಮೆಟ್ಟಿಲಿಗೆ ತಾಗಿಸಿ ಕೂರಿಸಿದರೆ ಹಿಂಭಾಗ ಮುಗಿಯಿತು.

ಮುಂಭಾಗ ಅಷ್ಟು ಸುಲಭದ್ದಲ್ಲ. ಹಿಂಭಾಗವನ್ನು ಮುಟ್ಟುವ ಮೊದಲೇ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಅಳತೆಯನ್ನು ನಾಲ್ಕೂ ಮೂಲೆಗಳಲ್ಲಿ ಬರೆದಿಟ್ಟುಕೊಂಡಿರಬೇಕು. ಬ್ರೇಕ್ ಹೋಸಿನ ಹಿಡಿಕೆ, ಎಬಿಎಸ್ ವೈರು, ಕಾರಿನ ವಾಲಾಟ ತಡೆಯುವ ಸರಳಿನ ಲಿಂಕ್ ರಾಡು ಸ್ಟ್ರಟ್ಟಿಗೆ ಜೋಡಣೆಯಾಗಿದ್ದರೆ ಬಿಡಿಸಬೇಕು. ಸ್ವಿಫ್ಟಿನಲ್ಲಿ ಸ್ಟ್ರಟ್ಟನ್ನು ಚಕ್ರ ಹೊತ್ತ ಗಟ್ಟಿ ಭಾಗವಾದ ನಕಲ್ಲಿಗೆ ಹಿಡಿದಿರುವುದು ಎರಡು ದಪ್ಪ ಬೋಲ್ಟುಗಳು. ಬಿಚ್ಚುವ ಮೊದಲು ಅವುಗಳ ಜಾಗಕ್ಕೆ ಬಣ್ಣದ ಗುರುತು ಹಾಕಿಕೊಂಡರೆ ಚಕ್ರದ ಓರೆ ತೀರಾ ಹೆಚ್ಚುಕಡಿಮೆಯಾಗುವುದಿಲ್ಲ. ಪೋಲೊದಲ್ಲಾದರೆ ಸ್ಟ್ರಟ್ಟು ನಕಲ್ಲಿನ ಸೀಳಿನೊಳಗೆ ತೂರಿ ಕೂತಿರುತ್ತದೆ. ಆ ಸೀಳನ್ನು ಅಗಲಿಸುವ ಉಪಕರಣವಿಲ್ಲದೆ ಸುತ್ತಿಗೆ ಹಿಡಿದರೆ ನಷ್ಟವೇ ಹೆಚ್ಚು. ಇನ್ನು ಬಾನೆಟ್ಟಿನ ಕೆಳಗೆ, ಸ್ಟ್ರಟ್ಟಿನ ತಲೆಯಲ್ಲಿ, ಸ್ಟ್ರಟ್ಟನ್ನು ಕಾರಿಗೆ ಹಿಡಿದ ನಟ್ಟು ಯಾವುದು, ಸ್ಪ್ರಿಂಗನ್ನು ಒತ್ತಿ ಹಿಡಿದ ನಟ್ಟು ಯಾವುದು ಎಂದು ಆ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್ ನೋಡಿ ಖಚಿತ ಮಾಡಿಕೊಳ್ಳದೆ ಸ್ಪ್ಯಾನರ್ ಇಡಲೇಬಾರದು. ಎರಡನೆಯದನ್ನು ತಪ್ಪಿ ಬಿಚ್ಚಿದರೆ ಪ್ರಾಣಕ್ಕೇ ಸಂಚಕಾರ.

ಆ ಅಪಾಯ ಎಷ್ಟು ದೊಡ್ಡದೆಂದು ಲೆಕ್ಕ ಹಾಕಬಹುದು. ಮಿಲಿಮೀಟರಿಗೆ 20 ನ್ಯೂಟನ್ ಬಿಗಿತವಿರುವ ಸ್ಪ್ರಿಂಗನ್ನು 15 ಸೆಂಟಿಮೀಟರ್ ಅದುಮಿದರೆ ಅದು 300 ಕಿಲೋಗ್ರಾಂ ಭಾರದಷ್ಟು ಬಲದಿಂದ ತಿರುಗಿ ಒತ್ತುತ್ತಿರುತ್ತದೆ. ಅದರೊಳಗಿನ ಶಕ್ತಿ 225 ಜೂಲ್, ಅಂದರೆ 25 ಕಿಲೋದ ಅಕ್ಕಿ ಮೂಟೆ ಸೊಂಟದೆತ್ತರದಿಂದ ಬಿದ್ದಷ್ಟು. ಮೂಟೆ ಅಗಲವಾಗಿ ಬೀಳುತ್ತದೆ, ಸ್ಪ್ರಿಂಗು ಉಕ್ಕಿನ ತುದಿಯೊಂದರಲ್ಲಿ ಅಷ್ಟನ್ನೂ ಹೊತ್ತು ಬರುತ್ತದೆ. ಕಂಪ್ರೆಸರ್ ಎಂದು ಮಾರುವ ಉದ್ದ ಸ್ಕ್ರೂಗಳ ಕೊಕ್ಕೆ ಜೋಡಿಯನ್ನು ಸ್ಪ್ರಿಂಗಿನ ಎದುರುಬದುರು ಬದಿಗೆ ಹಾಕಿ, ಒಂದಕ್ಕೆರಡು ಸುತ್ತು, ಇನ್ನೊಂದಕ್ಕೆರಡು ಸುತ್ತು ಎಂದು ಸಮನಾಗಿ ಕೈಯಿಂದಲೇ ಬಿಗಿಯುತ್ತ ಹೋಗಬೇಕು. ಸ್ಕ್ರೂವಿಗೆ ಗ್ರೀಸ್ ಹಚ್ಚಿರಬೇಕು, ಇಂಪ್ಯಾಕ್ಟ್ ಗನ್ನಿನ ಗೊಡವೆಗೆ ಹೋಗಬಾರದು. ಸ್ಪ್ರಿಂಗು ಎರಡೂ ತಟ್ಟೆಗಳಲ್ಲಿ ಸಡಿಲವಾಗಿ ಅಲುಗಾಡುವವರೆಗೆ ತಲೆಯ ನಟ್ಟನ್ನು ಮುಟ್ಟಬಾರದು. ಮುಖವಾಗಲಿ ಎದೆಯಾಗಲಿ ಸ್ಪ್ರಿಂಗಿನ ನೇರಕ್ಕೆ ಬರಬಾರದು.

ಇನ್ನೂ ಒಳ್ಳೆಯ ದಾರಿಯಿದೆ. ಸ್ಟ್ರಟ್ಟನ್ನು ಮನೆಯಲ್ಲಿ ಬಿಚ್ಚಿ, ಹೊಸ ಸ್ಪ್ರಿಂಗಿನೊಡನೆ ಹತ್ತಿರದ ಗ್ಯಾರೇಜಿಗೆ ಒಯ್ದು, ಅಲ್ಲಿನ ಸ್ಟ್ಯಾಂಡ್ ಕಂಪ್ರೆಸರಿನಲ್ಲಿ ಬದಲಿಸಿಕೊಂಡು ಬರುವುದು. ಕೆಲಸದ ಮುಕ್ಕಾಲು ಭಾಗ ಆಗಲೂ ತನ್ನದೇ. ಕೂಲಿ ಕೊಟ್ಟು ಕಳೆದುಕೊಳ್ಳುವುದು ಅಪಾಯವನ್ನು ಮಾತ್ರ. ಮೊದಲ ಸಲ ಮಾಡುವವರಿಗೆ ಬೇರೆ ದಾರಿಯನ್ನು ಸೂಚಿಸಲು ಮನಸ್ಸಾಗದು.

ಸ್ಟ್ರಟ್ಟು ಬಿಡಿಯಾಗಿ ಮುಂದಿರುವಾಗ ಉಳಿದದ್ದನ್ನೂ ನೋಡಿಬಿಡಬೇಕು. ಶಾಕಿನ ರಾಡು ಒತ್ತಿದಾಗ ತಡೆಯಿಲ್ಲದೆ ಒಳಹೋದರೆ, ಮೈಯಲ್ಲಿ ಎಣ್ಣೆ ಜಿನುಗಿದ್ದರೆ ಹೊಸ ಸ್ಪ್ರಿಂಗನ್ನು ಅದಕ್ಕೆ ಕಟ್ಟುವುದು ದಂಡ. ಬಿಗಿಯಾದ ಸ್ಪ್ರಿಂಗಿನ ಕುಣಿತವನ್ನು ದಣಿದ ಶಾಕ್ ಹಿಡಿಯಲಾರದು. ರಾಡಿನ ಮೇಲಿನ ಬಂಪ್ ಸ್ಟಾಪ್ ರಬ್ಬರನ್ನು ಗಿಡ್ಡ ಮಾಡಬೇಕೇ ಎಂಬುದನ್ನು ಸ್ಪ್ರಿಂಗಿನ ಜೊತೆ ಬಂದ ಕಾಗದವೇ ಹೇಳುತ್ತದೆ. ಅದು ಹೇಳದಿದ್ದರೆ ಬ್ಲೇಡು ಹಿಡಿಯುವುದು ಬೇಡ. ಮೇಲಿನ ಬೇರಿಂಗ್ ಗರಗರ ಎಂದರೆ ಈಗಲೇ ಬದಲಿಸುವುದು ಲೇಸು. ತಲೆಯ ನಟ್ಟು ಹಳೆಯದನ್ನೇ ಹಾಕದೆ ಹೊಸದು ತರಬೇಕು.

ಜೋಡಿಸುವಾಗ ಬಹಳ ಜನ ಬಿಟ್ಟುಬಿಡುವ ಒಂದು ಹೆಜ್ಜೆಯಿದೆ. ಲೋವರ್ ಆರ್ಮಿನ, ಹಿಂದಿನ ತೊಲೆಯ ಬುಷ್‌ಗಳಲ್ಲಿ ರಬ್ಬರು ಒಳಗಿನ ಉಕ್ಕಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಅದು ಉರುಳುವುದಿಲ್ಲ, ತಿರುಚಿಕೊಳ್ಳುತ್ತದೆ. ಹಳೆಯ ಎತ್ತರದಲ್ಲಿ ಬಿಗಿದ ಬೋಲ್ಟನ್ನು ಹಾಗೇ ಬಿಟ್ಟು ಕಾರನ್ನು ತಗ್ಗಿಸಿದರೆ ರಬ್ಬರು ಹಗಲೂ ರಾತ್ರಿ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕಾರು ತನ್ನ ಚಕ್ರಗಳ ಮೇಲೆ ಭಾರ ಹಾಕಿ ನಿಂತಿರುವಾಗ ಆ ಬೋಲ್ಟುಗಳನ್ನು ಸಡಿಲಿಸಿ, ಮ್ಯಾನ್ಯುಯಲ್ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಬೇಕು. ಚಕ್ರದ ಬೋಲ್ಟಿಗೂ ಇದೇ ಶಿಸ್ತು. ಪೋಲೊಗೆ 120 ನ್ಯೂಟನ್ ಮೀಟರ್. ಪೈಪು ಸೇರಿಸಿ ಮೇಲೆ ನಿಂತು ತುಳಿಯುವುದು ಅಳತೆಯಲ್ಲ.

ಆಮೇಲೆ ಕಾರನ್ನು ಸ್ವಲ್ಪ ದೂರ ಓಡಿಸಿ, ಸ್ಪ್ರಿಂಗು ಕೂತ ಮೇಲೆ ಮತ್ತೆ ನಾಲ್ಕೂ ಮೂಲೆ ಅಳೆಯಬೇಕು. ಎಡಬಲಕ್ಕೆ ಕಣ್ಣಿಗೆ ಬೀಳುವಷ್ಟು ವ್ಯತ್ಯಾಸವಿದ್ದರೆ ಯಾವುದೋ ತುದಿ ತನ್ನ ಮೆಟ್ಟಿಲಿಗೆ ಕೂತಿಲ್ಲವೆಂದೇ ಅರ್ಥ. ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಕಾರು ತಗ್ಗಿದಾಗ ಚಕ್ರಗಳ ಓರೆಯೂ ಬದಲಾಗುತ್ತದೆ, ಮುಂದಕ್ಕೆ ಅವು ಸೇರಿ ನಿಲ್ಲುವ ಬಗೆಯೂ ಬದಲಾಗುತ್ತದೆ. ಟೈರನ್ನು ಬೇಗ ತಿನ್ನುವುದು ಎರಡನೆಯದು. ಹೆಡ್‌ಲೈಟುಗಳನ್ನು ಗೋಡೆಗೆ ಬಿಟ್ಟು ಸರಿಹೊಂದಿಸಬೇಕು. ಮುಂದಿನ ವಾಹನವನ್ನು ಕಂಡು ತಾನೇ ಬ್ರೇಕ್ ಹಾಕುವ ಕ್ಯಾಮೆರಾ, ರೇಡಾರ್ ಇರುವ ಹೊಸ ಕಾರಾದರೆ ಅವುಗಳನ್ನೂ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮರುಹೊಂದಿಸಬೇಕಾಗುತ್ತದೆ. ಅವು ನೋಡುವ ಕೋನ ಲೆಕ್ಕ ಹಾಕಿರುವುದು ಮೂಲ ಎತ್ತರಕ್ಕೆ. ಹಳೆಯ ಸ್ಪ್ರಿಂಗುಗಳಿಗೆ ಯಾವ ಮೂಲೆಯದೆಂದು ಚೀಟಿ ಕಟ್ಟಿ ಒಣ ಜಾಗದಲ್ಲಿ ಎತ್ತಿಡುವುದು ಒಳ್ಳೆಯದು. ಕಾರು ಮಾರುವ ದಿನ ಅವು ಬೇಕಾಗುತ್ತವೆ.

ಮೊದಲ ವಾರ ಕಿಟಕಿ ಇಳಿಸಿ, ಹಾಡು ನಿಲ್ಲಿಸಿ ಓಡಿಸಿದರೆ ಕಾರೇ ಬಹಳಷ್ಟು ತಿಳಿಸುತ್ತದೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಟಂಗ್ ಎಂದು ಮಿಡಿದ ಸದ್ದು ಬಂದರೆ ಸ್ಪ್ರಿಂಗಿನ ತುದಿ ತಪ್ಪಿ ಕೂತಿದೆ ಅಥವಾ ಮೇಲಿನ ಬೇರಿಂಗ್ ಹಿಡಿದುಕೊಂಡಿದೆ. ಸಣ್ಣ ಏರುಪೇರಿನಲ್ಲೂ ಟಕಟಕ ಎಂದರೆ ಮೊದಲು ಲಿಂಕ್ ರಾಡಿನ ನಟ್ಟನ್ನು ನೋಡಬೇಕು. ಹಂಪ್ ಇಳಿಯುವಾಗ ಧಡ್ ಎಂದು ಒಮ್ಮೆಗೇ ಗುದ್ದಿದರೆ ಶಾಕ್ ತನ್ನ ಕೊನೆಯ ರಬ್ಬರಿಗೆ ಬಡಿಯುತ್ತಿದೆ, ವೇಗ ಇಳಿಸಬೇಕು ಅಥವಾ ಗಿಡ್ಡ ಶಾಕ್ ಹಾಕಿಸಬೇಕು. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಉಜ್ಜುವ ಸದ್ದು ಬಂದರೆ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕಿಗೆ ಟೈರು ತಾಗುತ್ತಿದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ, ಸದ್ದಿರಲಿ ಇಲ್ಲದಿರಲಿ, ಮುಟ್ಟಿದ ಪ್ರತಿ ಬೋಲ್ಟಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಬೇಕು.